ಸ್ಪ್ರೆಡ್‌ಶೀಟ್ ಪಟ್ಟಿಗಳ ಮುದ್ರಣ: ಪುಟವಿನ್ಯಾಸದ ವ್ಯತ್ಯಾಸ ಕುರಿತು ಅರ್ಜಿದಾರರಿಗೆ ಮಾಹಿತಿ

ಅರ್ಜಿಯೊಂದಿಗೆ ಲಗತ್ತಿಸುವ ಲೆಕ್ಕಪಟ್ಟಿ, ಆದಾಯ ಮತ್ತು ವೆಚ್ಚದ ವಿವರ, ಸದಸ್ಯರ ಪಟ್ಟಿ ಮುಂತಾದವುಗಳನ್ನು ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್ ತಂತ್ರಾಂಶದಲ್ಲಿ ಸಿದ್ಧಪಡಿಸುವುದು ಸಾಮಾನ್ಯವಾಗಿದೆ. ಮನೆಯ ಗಣಕಯಂತ್ರದಲ್ಲಿ ಒಂದೇ ಪುಟದಲ್ಲಿ ಸರಿಯಾಗಿ ಕಂಡ ಪಟ್ಟಿಯು ಸೈಬರ್ ಕೇಂದ್ರದಲ್ಲಿ ಮುದ್ರಿಸಿದಾಗ ಎರಡು ಮೂರು ಪುಟಗಳಿಗೆ ಹರಡುವುದುಂಟು. ಇದರ ಕಾರಣಗಳನ್ನೂ ಅರ್ಜಿದಾರರು ವಹಿಸಬೇಕಾದ ಎಚ್ಚರಿಕೆಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

ವ್ಯತ್ಯಾಸಕ್ಕೆ ಕಾರಣಗಳು

ಸ್ಪ್ರೆಡ್‌ಶೀಟ್ ಕಡತದಲ್ಲಿ ಸಿದ್ಧಗೊಂಡ ಪುಟ ಇರುವುದಿಲ್ಲ. ನಮೂದುಗಳು ಹಾಗೂ ಅಂಕಣಗಳ ಅಗಲ, ಅಂಚು, ಕಾಗದದ ಅಳತೆ ಮೊದಲಾದ ಸೂಚನೆಗಳು ಮಾತ್ರ ಇರುತ್ತವೆ. ಈ ಸೂಚನೆಗಳನ್ನು ಅನುಸರಿಸಿ ಪುಟವನ್ನು ರೂಪಿಸುವುದು ಮುದ್ರಿಸುವ ಗಣಕಯಂತ್ರವೇ ಆಗಿರುತ್ತದೆ.

1. ಅಕ್ಷರಶೈಲಿ: ಎಕ್ಸೆಲ್‌ನಲ್ಲಿ ಅಂಕಣದ ಅಗಲವನ್ನು ಕಡತದ ಮೂಲ ಅಕ್ಷರಶೈಲಿಯ ಅಂಕಿಯ ಅಗಲದಿಂದ ಲೆಕ್ಕ ಹಾಕಲಾಗುತ್ತದೆ. ಮೂಲ ಅಕ್ಷರಶೈಲಿಯು 2003ರ ಆವೃತ್ತಿಯವರೆಗೆ ಏರಿಯಲ್, 2007ರ ಆವೃತ್ತಿಯಿಂದ ಕ್ಯಾಲಿಬ್ರಿ, ಇತ್ತೀಚಿನ ಮೈಕ್ರೋಸಾಫ್ಟ್ 365ರಲ್ಲಿ ಆಪ್ಟೋಸ್ ನ್ಯಾರೋ ಆಗಿದೆ. ಕಡತದಲ್ಲಿರುವ ಅಕ್ಷರಶೈಲಿಯು ಗಣಕಯಂತ್ರದಲ್ಲಿ ಇಲ್ಲದಿದ್ದಲ್ಲಿ ಬೇರೊಂದು ಶೈಲಿ ಬಳಕೆಯಾಗಿ ಅಗಲವು ವ್ಯತ್ಯಾಸವಾಗುತ್ತದೆ.

2. ಕನ್ನಡ ಅಕ್ಷರ: ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯ ಬರಹವು, ಸದರಿ ಶೈಲಿ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಬರಹ ಓದಲು ಬಂದರೂ, ತುಂಗಾ ಶೈಲಿಯ ಬದಲಿಗೆ ನಿರ್ಮಲಾ ಶೈಲಿ ಬಳಕೆಯಾದಲ್ಲಿ ಸಾಲುಗಳ ಎತ್ತರ ಬದಲಾಗಬಹುದು.

3. ಕಾಗದದ ಅಳತೆ: ಎ4 ಹಾಳೆ 210 × 297 ಮಿ.ಮೀ. ಇದ್ದು, ಲೆಟರ್ ಹಾಳೆ ಸುಮಾರು 216 × 279 ಮಿ.ಮೀ. ಇರುತ್ತದೆ. ಪ್ರಿಂಟರ್ ಅನ್ನು ಲೆಟರ್ ಅಳತೆಗೆ ಹೊಂದಿಸಿದ್ದಲ್ಲಿ 18 ಮಿ.ಮೀ. ಉದ್ದ ಕಡಿಮೆಯಾಗಿ ಕೊನೆಯ ಸಾಲುಗಳು ಮುಂದಿನ ಪುಟಕ್ಕೆ ಹೋಗುತ್ತವೆ.

4. ಪ್ರಿಂಟರ್: ಹಾಳೆಯ ಅಂಚಿನಲ್ಲಿ ಮುದ್ರಿಸಲಾಗದ ಭಾಗವು ಎಲ್ಲ ಪ್ರಿಂಟರ್‌ಗಳಲ್ಲಿ ಒಂದೇ ಆಗಿರುವುದಿಲ್ಲ.

ಅರ್ಜಿದಾರರ ಮೇಲಾಗುವ ಪರಿಣಾಮ

ಅಂಕಣ ಕಿರಿದಾದಾಗ ದಿನಾಂಕ ಅಥವಾ ದೊಡ್ಡ ಮೊತ್ತದ ಬದಲು #### ಚಿಹ್ನೆ ಮುದ್ರಿತವಾಗಬಹುದು. ಇದು ಕಣ್ಣಿಗೆ ಬೀಳುವ ದೋಷ. ಆದರೆ ಜನರಲ್ ನಮೂನೆಯ ಕೋಶದಲ್ಲಿ 12480.75 ಎಂಬ ಮೊತ್ತವು ಯಾವ ಸೂಚನೆಯೂ ಇಲ್ಲದೆ 12481 ಎಂದು ಕಾಣಬಹುದು. ಕಡತದಲ್ಲಿನ ಮೌಲ್ಯ ಬದಲಾಗದಿದ್ದರೂ ಕಾಗದದಲ್ಲಿನ ಮೊತ್ತ ಮೂಲ ದಾಖಲೆಗಳೊಂದಿಗೆ ತಾಳೆಯಾಗುವುದಿಲ್ಲ.

ದೃಢೀಕರಣದ ಸಾಲು ಮತ್ತು ಸಹಿಯ ಸ್ಥಳ ಮಾತ್ರ ಎರಡನೆಯ ಪುಟಕ್ಕೆ ಹೋಗುವುದೂ ಉಂಟು. ಅಂತಹ ಪುಟಕ್ಕೆ ಸಹಿ ಮಾಡುವುದು ಖಾಲಿ ಹಾಳೆಗೆ ಸಹಿ ಮಾಡಿದಂತೆಯೇ ಸರಿ. ಯಾವ ವಿವರಗಳಿಗೆ ಸಹಿ ಮಾಡಲಾಗಿದೆ ಎಂಬುದು ಆ ಹಾಳೆಯಿಂದ ತಿಳಿಯುವುದಿಲ್ಲ.

ಅನುಸರಿಸಬೇಕಾದ ಕ್ರಮ

1. ಬರಹವನ್ನು ಯೂನಿಕೋಡ್ ಕನ್ನಡದಲ್ಲಿಯೇ ನಮೂದಿಸುವುದು.

2. ಹಣದ ಅಂಕಣಗಳಿಗೆ ನಂಬರ್ ನಮೂನೆ ಹಾಗೂ ಎರಡು ದಶಮಾಂಶ ಸ್ಥಾನಗಳನ್ನು ನಿಗದಿಪಡಿಸಿ, ಅಗಲವನ್ನು ಸ್ವಲ್ಪ ಹೆಚ್ಚಾಗಿಯೇ ಇಡುವುದು.

3. ಕಾಗದದ ಅಳತೆಯನ್ನು ಎ4 ಎಂದು ಆರಿಸಿ, ಮುದ್ರಿಸಬೇಕಾದ ಭಾಗವನ್ನು ಪ್ರಿಂಟ್ ಏರಿಯಾ ಎಂದು ಗುರುತಿಸುವುದು.

4. ಎಕ್ಸೆಲ್‌ನ ಪೇಜ್ ಲೇಔಟ್ ವಿಭಾಗದಲ್ಲಿ ಅಗಲವನ್ನು 1 ಪುಟಕ್ಕೆ ಮಿತಿಗೊಳಿಸುವುದು. ಅಕ್ಷರಗಳು ಓದಲಾಗದಷ್ಟು ಚಿಕ್ಕದಾದಲ್ಲಿ ಹಾಳೆಯನ್ನು ಅಡ್ಡಲಾಗಿ ಇಡುವುದು.

5. ಪಟ್ಟಿ ತಯಾರಿಸಿದ ಗಣಕಯಂತ್ರದಲ್ಲಿಯೇ ಪ್ರಿಂಟ್ ಪ್ರಿವ್ಯೂ ಪರಿಶೀಲಿಸಿ, ಅಲ್ಲಿಯೇ ಪಿಡಿಎಫ್ ಪ್ರತಿ ಸಿದ್ಧಪಡಿಸುವುದು. ಪಿಡಿಎಫ್‌ನಲ್ಲಿ ಪುಟದ ರೂಪ ಸ್ಥಿರವಾಗಿದ್ದು, ಸಾಮಾನ್ಯವಾಗಿ ಅಕ್ಷರಶೈಲಿಯೂ ಅಡಕವಾಗಿರುತ್ತದೆ.

6. ಮುದ್ರಣ ಕೇಂದ್ರಕ್ಕೆ ಪಿಡಿಎಫ್ ಪ್ರತಿಯನ್ನೇ ನೀಡುವುದು. ಮೂಲ ಎಕ್ಸೆಲ್ ಕಡತವನ್ನು ಮುಂದಿನ ತಿದ್ದುಪಡಿಗಾಗಿ ತಮ್ಮಲ್ಲಿಯೇ ಉಳಿಸಿಕೊಳ್ಳುವುದು.

7. ಮುದ್ರಿತ ಪ್ರತಿಯ ಪುಟಗಳ ಸಂಖ್ಯೆ, ಒಟ್ಟು ಮೊತ್ತ ಹಾಗೂ ಕೊನೆಯ ಅಂಕಣವನ್ನು ಮೂಲ ದಾಖಲೆಗಳೊಂದಿಗೆ ತಾಳೆ ನೋಡಿದ ನಂತರವೇ ಸಹಿ ಮಾಡುವುದು. ಒಂದಕ್ಕಿಂತ ಹೆಚ್ಚು ಪುಟಗಳಿದ್ದಲ್ಲಿ ಪ್ರತಿ ಪುಟಕ್ಕೂ ಸಂಖ್ಯೆ ನೀಡಿ ಸಹಿ ಮಾಡುವುದು ಕ್ಷೇಮಕರ.

ಕಡತದಲ್ಲಿ ವಿವರಗಳು ಸರಿಯಾಗಿದ್ದರೂ ಕಾಗದದ ಪ್ರತಿಯನ್ನು ಪರಿಶೀಲಿಸುವವರಿಗೆ ಕಾಣುವುದು ಮುದ್ರಿತ ಹಾಳೆ ಮಾತ್ರ. ಆದುದರಿಂದ ಸಾರ್ವಜನಿಕರು ಅರ್ಜಿ ಸಲ್ಲಿಸುವ ಮುನ್ನ ಮುದ್ರಿತ ಪ್ರತಿಯನ್ನು ಒಮ್ಮೆ ಪೂರ್ಣವಾಗಿ ಓದಿ ನೋಡಲು ಕೋರಲಾಗಿದೆ.