ಸವೆದ ರೋಮನ್ ನಾಣ್ಯಗಳ ಗುರುತಿಸುವಿಕೆ: ಚಂದ್ರವಳ್ಳಿಯ ಹಿನ್ನೆಲೆಯಲ್ಲಿ

ಕರ್ನಾಟಕದ ಪ್ರಾಚೀನ ಇತಿಹಾಸದ ಆಕರಗಳಲ್ಲಿ ವಿದೇಶಿ ನಾಣ್ಯಗಳಿಗೆ ವಿಶಿಷ್ಟ ಸ್ಥಾನವಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ಎಚ್.ಎ.ಎಲ್. ಪ್ರದೇಶದಲ್ಲಿ 1965ರಲ್ಲಿ 256 ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಇವು ಒಟ್ಟಾಗಿ ಹೂಳಿಟ್ಟ ನಿಧಿಗಳು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಸ್ಥಿತಿ ಬೇರೆ. 1929ರಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ಈ ನೆಲೆಯಲ್ಲಿ ಅಗಸ್ಟಸ್ ಹಾಗೂ ಟೈಬೀರಿಯಸ್ ಚಕ್ರವರ್ತಿಗಳ ದಿನಾರಿಯಸ್‌ಗಳು ಜನವಸತಿಯ ಅವಶೇಷಗಳೊಂದಿಗೆ ದೊರೆತಿವೆ. ಆದುದರಿಂದ ಇಲ್ಲಿ ನಾಣ್ಯದ ಗುರುತು ನೆಲೆಯ ಕಾಲಗಣನೆಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಕೈಯಿಂದ ಕೈಗೆ ಸಾಗಿದ ನಾಣ್ಯದಲ್ಲಿ ಉಬ್ಬಿದ ಭಾಗಗಳೂ ಅಂಚಿನ ಬರಹವೂ ಮೊದಲು ಅಳಿಯುತ್ತವೆ. ಆಕೃತಿಯ ಹೊರರೇಖೆ ಬಹುಕಾಲ ಉಳಿಯುತ್ತದೆ. ಮುಮ್ಮುಖದ ಶಿರಸ್ಸು ಎರಡರಲ್ಲಿಯೂ ಮಾಲೆ ಧರಿಸಿ ಬಲಕ್ಕೆ ತಿರುಗಿರುವುದರಿಂದ, ಅದು ಸವೆದಾಗ ಹಿಮ್ಮುಖವೇ ನಿರ್ಣಾಯಕ. ಅಗಸ್ಟಸನ ಪ್ರಸಿದ್ಧ ಮಾದರಿಯಲ್ಲಿ ಅವನ ದತ್ತುಪುತ್ರರಾದ ಗೇಯಸ್ ಮತ್ತು ಲೂಸಿಯಸ್ ನಿಂತಿದ್ದು, ನಡುವೆ ಗುರಾಣಿಗಳೂ ಭರ್ಜಿಗಳೂ ಇವೆ. ಎಷ್ಟೇ ಸವೆದರೂ ಎರಡು ನೇರ ಆಕೃತಿಗಳು, ಎರಡು ವೃತ್ತಗಳು ಕಾಣುತ್ತವೆ. ಟೈಬೀರಿಯಸನ ಮಾದರಿಯಲ್ಲಿ ಉದ್ದನೆಯ ರಾಜದಂಡ ಹಿಡಿದು ಕುಳಿತ ಒಬ್ಬಳೇ ಸ್ತ್ರೀಯಿದ್ದಾಳೆ. ಲೋಹವೂ ತೂಕವೂ ಈ ನಿರ್ಣಯವನ್ನು ದೃಢಪಡಿಸುತ್ತವೆ: ಅಂದಿನ ಬೆಳ್ಳಿಯ ದಿನಾರಿಯಸ್ ಸುಮಾರು 3.8 ಗ್ರಾಂ. ರೋಮನ್ ಸಾಮ್ರಾಜ್ಯದ ಪೂರ್ವ ಪ್ರಾಂತ್ಯಗಳ ನಗರಗಳು ಹೊರಡಿಸಿದ ನಾಣ್ಯಗಳಾದರೋ ಬಹುಮಟ್ಟಿಗೆ ತಾಮ್ರದವು. ಅವುಗಳ ಬರಹ ಗ್ರೀಕ್. ಎರಡು ಅಕ್ಷರ ಉಳಿದಿದ್ದರೂ ಈ ಭೇದವನ್ನು ಅರಿಯಬಹುದು. ಚಂದ್ರವಳ್ಳಿಯಲ್ಲಿಯೇ ದೊರೆತಿರುವ ಮಹಾರಠಿ ಸದಕಣ ಕಳಲಾಯನ ನಾಣ್ಯಗಳು ಸೀಸದವಾದ್ದರಿಂದ ಗೊಂದಲಕ್ಕೆ ಎಡೆಯಿಲ್ಲ.

ಗುರುತಿಸಿದ ಮಾತ್ರಕ್ಕೆ ಕಾಲನಿರ್ಣಯವಾಗುವುದಿಲ್ಲ. ಟೈಬೀರಿಯಸನ ಆಳ್ವಿಕೆ ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯವಿರುವ ಸ್ತರವು ಕ್ರಿ.ಶ. 14ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದು ಹೇಳಬಲ್ಲುದು. ಎಷ್ಟು ಈಚಿನದೆಂದು ಹೇಳಲಾರದು. ಕ್ರಿ.ಶ. 64ರ ಸುಮಾರಿಗೆ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಅಂಶವನ್ನೂ ತಗ್ಗಿಸಿದನು. ಆ ಬಳಿಕವೂ ಭಾರತದ ವ್ಯಾಪಾರಕ್ಕೆ ಹಳೆಯ ಶುದ್ಧ ನಾಣ್ಯಗಳನ್ನೇ ಆಯ್ದು ಕಳುಹಿಸಿರಬಹುದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದಲ್ಲಿ ಟಂಕಿಸಿದ ಕಾಲಕ್ಕೂ ಇಲ್ಲಿಗೆ ಬಂದ ಕಾಲಕ್ಕೂ ದಶಕಗಳ ಅಂತರವಿರುವುದು ಅಸಂಭವವಲ್ಲ. ಸವೆತವು ಈ ಅಂತರವನ್ನು ಸೂಚಿಸುವ ಸಾಕ್ಷ್ಯವೇ ಹೊರತು ಕೇವಲ ಕೊರತೆಯಲ್ಲ.

ವೀಲರ್ ಅವರು ಬ್ರಹ್ಮಗಿರಿ ಹಾಗೂ ಚಂದ್ರವಳ್ಳಿಗಳ ಕಾಲಾನುಕ್ರಮವನ್ನು ರೂಪಿಸುವಾಗ ರೋಮನ್ ನಾಣ್ಯಗಳೊಂದಿಗೆ ಅರಿಕಮೇಡುವಿನಲ್ಲಿ ಕಂಡಿದ್ದ ಚಕ್ರಾಂಕಿತ ಮಡಕೆಗಳನ್ನೂ ಆಧಾರವಾಗಿಸಿಕೊಂಡರು. ಅರಿಕಮೇಡುವಿನಲ್ಲಿ 1989–92ರಲ್ಲಿ ವಿಮಲಾ ಬೇಗ್ಲಿ ಅವರ ನೇತೃತ್ವದಲ್ಲಿ ನಡೆದ ಮರು ಉತ್ಖನನದ ಬಳಿಕ ಆ ಮಡಕೆಗಳ ಆರಂಭವು ಕ್ರಿಸ್ತಪೂರ್ವ ಶತಮಾನಗಳಿಗೆ ಹಿಂದೆ ಸರಿಯಿತು. ಇದರಿಂದ ಕರ್ನಾಟಕದ ನೆಲೆಗಳ ಕಾಲವನ್ನೂ ಪುನಃ ಪರಿಶೀಲಿಸಬೇಕಾಯಿತು. ನಾಣ್ಯ, ಮಡಕೆ, ಸ್ತರ ಇವುಗಳಲ್ಲಿ ಯಾವುದೊಂದೂ ತಾನೇ ಪೂರ್ಣ ಪ್ರಮಾಣವಲ್ಲ. ಹೊಳಪಿಗಾಗಿ ಉಜ್ಜಿದ ನಾಣ್ಯ ಉಳಿದ ರೇಖೆಗಳನ್ನೂ ಕಳೆದುಕೊಳ್ಳುತ್ತದೆ. ದೊರೆತ ಜಾಗದ ದಾಖಲೆಯಿಲ್ಲದ ನಾಣ್ಯ ತನ್ನ ಚಕ್ರವರ್ತಿಯ ಹೆಸರನ್ನು ಹೇಳಬಹುದು, ನಮ್ಮ ನಾಡಿನ ಇತಿಹಾಸವನ್ನು ಹೇಳಲಾರದು.