ಟ್ರ್ಯಾಕ್ಟರಿಗಿತ್ತು, ಜೀಪಿಗಿರಲಿಲ್ಲ

ಕಳೆದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕ್ಯಾಮೆರಾ ಮುಂದೆ ಅವಸರದಲ್ಲಿ ಹಾರಿಸಿದ ಕೆಲವು ಸಂಗತಿ ಸೇರಿಸಿದ್ದೇನೆ, ಅಲ್ಲಿ ಬೇಡದೆ ಎಳೆದಾಡಿದ್ದನ್ನ ಬಿಟ್ಟಿದ್ದೇನೆ.

ಮೊದಲು ನಮ್ಮ ಅಪ್ಪನ ಟ್ರ್ಯಾಕ್ಟರ್ ಕಥೆ. ನವಲಗುಂದ ಕಡೆಯ ಎರೆಭೂಮಿ ಕಂಡವರಿಗೆ ಗೊತ್ತು, ಒಂದು ಒಳ್ಳೆ ಮಳೆ ಬಿದ್ರೆ ಆ ಮಣ್ಣು ಚಪ್ಪಲಿ ಬಿಡೋದಿಲ್ಲ. ಅಪ್ಪ ಸೆಕೆಂಡ್ ಹ್ಯಾಂಡ್ ಬಿ-275 ಟ್ರ್ಯಾಕ್ಟರ್ ತಂದಿದ್ದರು. ಅದರಲ್ಲಿ ಕಾಲಿನ ಹತ್ತಿರ ಬ್ರೇಕೂ ಅಲ್ಲದ, ಕ್ಲಚ್ಚೂ ಅಲ್ಲದ ಒಂದು ಸಣ್ಣ ಪೆಡಲ್. ಒಂದು ಹಿಂಗಾಲಿ ಕೆಸರಿನಲ್ಲಿ ಗರಗರ ತಿರುಗ್ತಾ ಇನ್ನೊಂದು ಸುಮ್ಮನೆ ನಿಂತಾಗ ಅಪ್ಪ ಆ ಪೆಡಲ್ ಒತ್ತೋರು. ಎರಡೂ ಗಾಲಿ ಒಟ್ಟಿಗೆ ತಿರುಗಿ ಟ್ರ್ಯಾಕ್ಟರ್ ಹೊರಗೆ ಬರೋದು. ನನಗೆ ಹದಿಮೂರೋ ಹದಿನಾಲ್ಕೋ ವರ್ಷ ಇದ್ದಾಗ ಅದನ್ನ ಒತ್ತೋಕೆ ಬಿಟ್ಟರು, ಒಂದು ಷರತ್ತಿನ ಮೇಲೆ. "ಹೊಳ್ಳೂಮುಂದ ಕಾಲ್ ತಗೀಬೇಕು. ಒತ್ತಿಕೊಂಡ ಹೊಳ್ಳಿದ್ಯೋ, ಗಾಡಿ ನೀ ಹೇಳಿದ್ದ ಕೇಳಂಗಿಲ್ಲ."

ಅದಕ್ಕೆ ಡಿಫರೆನ್ಷಿಯಲ್ ಲಾಕ್ ಅಂತಾರೆ ಅನ್ನೋದು ನನಗೆ ಗೊತ್ತಾಗಿದ್ದು ಮುಂಬೈಗೆ ಬಂದು ಹತ್ತು ವರ್ಷ ಆದ ಮೇಲೆ. ಅದೂ ಒಂದು ಹಳೇ ಜೀಪಿನ ಅಡಿಯಲ್ಲಿ ಮಲಗಿದ್ದಾಗ.

ನಾವು ನಾಲ್ವರು. ಐರೋಲಿ ಮತ್ತು ಪವಾಯಿಯ ಐಟಿ ಆಫೀಸುಗಳಲ್ಲಿ ಕೆಲಸ. ಒಬ್ಬ ಹಾಸನದವನು, ಒಬ್ಬ ಕಲಬುರಗಿಯವನು. ಇನ್ನೊಬ್ಬನನ್ನ ನಾವು ಉಡುಪಿಯವನು ಅಂತೀವಿ, ಆದರೆ ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವನ ಅಜ್ಜ ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದ ತಲೆಮಾರಿನವರು. ಅವರೆದುರು ನಮ್ಮ ವಲಸೆ ಎಸಿ ಬೋಗಿಯ ವಲಸೆ. ನಾಲ್ವರೂ ದುಡ್ಡು ಹಾಕಿ 1970ರ ದಶಕದ ಒಂದು ಮಹೀಂದ್ರಾ ಸಿಜೆ-3ಬಿ ಕೊಂಡಿದ್ವಿ. ಠಾಣೆಯಲ್ಲಿ ನಿಲ್ಲಿಸ್ತೀವಿ. ಭಾನುವಾರ ಮುರ್ಬಾಡ್ ಕಡೆಗೆ ಹೋಗಿ ಕೆಸರಲ್ಲಿ ಸಿಕ್ಕಿಹಾಕಿಕೊಳ್ಳೋದು, ಹಳ್ಳಿಯವರ ಟ್ರ್ಯಾಕ್ಟರ್ ಕರೆಸಿ ಎಳೆಸಿಕೊಳ್ಳೋದು, ಇದೇ ಹವ್ಯಾಸ. ಮೂರನೇ ಸಲ ಎಳೆಸಿಕೊಂಡಾಗ ಆ ಟ್ರ್ಯಾಕ್ಟರಿನ ಹುಡುಗ ಕಾಲಲ್ಲಿ ಏನನ್ನೋ ಒತ್ತಿದ್ದು ಕಂಡಿತು. ಅಪ್ಪನ ಪೆಡಲ್!

ಆಗ ಪ್ರಶ್ನೆ ಹುಟ್ಟಿತು. ಟ್ರ್ಯಾಕ್ಟರಿಗಿರೋದು ಜೀಪಿಗೆ ಯಾಕಿಲ್ಲ?

ಡಿಫರೆನ್ಷಿಯಲ್ ಅಂದ್ರೆ ಏನು ಅಂತ ಎರಡು ಮಾತು. ಗಾಡಿ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಟೈರ್ ಉಜ್ಜುತ್ತೆ, ಗಾಡಿ ನೇರಕ್ಕೇ ಎಳೆಯುತ್ತೆ. ಇದಕ್ಕೆ ಗಿಯರ್‌ಗಳ ಪರಿಹಾರವನ್ನ ಫ್ರಾನ್ಸಿನ ಪೆಕ್ಯೋರ್ ಅನ್ನೋ ಗಡಿಯಾರದ ಕುಶಲಕರ್ಮಿ 1827ರ ಸುಮಾರಿಗೇ ಪೇಟೆಂಟ್ ಮಾಡಿದ್ದ. ಆದರೆ ಇದರಲ್ಲಿ ಒಂದು ತೊಡಕಿದೆ. ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮ ಬಲವನ್ನೇ ಕೊಡುತ್ತೆ. ಪಾಲಿನಲ್ಲಿ ಅಣ್ಣತಮ್ಮಂದಿರಿಗೆ ಸರಿಸಮ ಅಂದ ಹಾಗೆ. ಒಬ್ಬ ಕೆಸರಲ್ಲಿ ನಿಂತು "ನನಗೆ ನಾಲ್ಕಾಣೆ ಸಾಕು" ಅಂದ್ರೆ, ಗಟ್ಟಿ ನೆಲದ ಮೇಲಿರೋನಿಗೂ ನಾಲ್ಕಾಣೆಯೇ. ಅಷ್ಟರಲ್ಲಿ ಗಾಡಿ ಕದಲೋದಿಲ್ಲ. ಫೋರ್ ವೀಲ್ ಡ್ರೈವ್ ಇದ್ರೂ ಅಷ್ಟೇ. ಮುಂದೊಂದು, ಹಿಂದೊಂದು ಗಾಲಿ ತಿರುಗ್ತವೆ, ಉಳಿದೆರಡು ನೋಡ್ತಾ ನಿಲ್ತವೆ. ಲಾಕರ್ ಅಂದ್ರೆ ಈ ಪಾಲನ್ನ ಸ್ವಲ್ಪ ಹೊತ್ತು ರದ್ದು ಮಾಡೋದು.

ಈಗ ಇತಿಹಾಸಕ್ಕೆ ಬರೋಣ. ಆ ಜೀಪ್ ಮುಂಬೈಯ ಗಾಡಿ. 1945ರಲ್ಲಿ ಕೆ.ಸಿ. ಮಹೀಂದ್ರಾ, ಜೆ.ಸಿ. ಮಹೀಂದ್ರಾ ಸೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಶುರು ಮಾಡಿದ ಉಕ್ಕಿನ ವ್ಯಾಪಾರದ ಕಂಪನಿ 'ಮಹೀಂದ್ರಾ ಅಂಡ್ ಮೊಹಮ್ಮದ್'. ದೇಶ ಒಡೆಯಿತು, ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ಹಡಗುಕಟ್ಟೆಯ ಪಕ್ಕದ ಮಜಗಾಂವ್‌ನಲ್ಲಿ 1949ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ತರಿಸಿ ಜೋಡಿಸೋಕೆ ಶುರು ಮಾಡಿದರು. ಅಂದ್ರೆ ಈ ದೇಶದ ಮೊದಲ ಜೀಪುಗಳು ಹುಟ್ಟಿದ್ದೇ ಸ್ಪ್ಯಾನರ್ ಹಿಡಿದು ಜೋಡಿಸಿದ ಗಾಡಿಗಳಾಗಿ. ಹಾರ್ಬರ್ ಲೈನಿನಲ್ಲಿ ಡಾಕ್‌ಯಾರ್ಡ್ ರೋಡ್ ಸ್ಟೇಷನ್ ದಾಟುವಾಗ ನನಗೆ ಇದು ನೆನಪಾಗುತ್ತೆ. ನೋಡೋಕೆ ಅಲ್ಲಿ ಏನೂ ಇಲ್ಲ, ಸುಮ್ಮನೆ ನೆನಪಾಗುತ್ತೆ.

ಆ ವಿಲ್ಲಿಸ್ ಜೀಪಿಗೆ ಯುದ್ಧದಲ್ಲೂ ಲಾಕರ್ ಇರಲಿಲ್ಲ. ಹಗುರ ಗಾಡಿ, ಸಿಕ್ಕಿಕೊಂಡರೆ ನಾಲ್ಕು ಜನ ಸೈನಿಕರು ಇಳಿದು ಎತ್ತಿ ಇಡ್ತಿದ್ರು. ನಮ್ಮ ಸಿಜೆ-3ಬಿ ಕೂಡ ಅದೇ ಮನೆತನದ್ದು. ಹಿಂದೆ ಡಾನಾ 44 ಮಾದರಿಯ ಆಕ್ಸಲ್, ಮುಂದೆ ಡಾನಾ 25, ಎರಡೂ ಲಾಕ್ ಇಲ್ಲದವು.

ಜೀಪಿನ ಕಥೆ ಮುಂದೆ ಕಾಂದಿವಲಿಗೆ ಹೋಗುತ್ತೆ. ಅಲ್ಲಿ ನನಗೆ ಬೇಕಾದ ಎಳೆ ಸಿಕ್ಕಿತು. 1963ರಲ್ಲಿ ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಕೂಡಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದವು. ಅವರು ಕಾಂದಿವಲಿಯಲ್ಲಿ ತಯಾರಿಸಿದ್ದು ಯಾವ ಟ್ರ್ಯಾಕ್ಟರ್? ಬಿ-275. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ರೂಪುಗೊಂಡ ಮಾದರಿ, ಡಿಫರೆನ್ಷಿಯಲ್ ಲಾಕ್ ಸಮೇತ ಬಂದದ್ದು. 1977ರಲ್ಲಿ ಆ ಟ್ರ್ಯಾಕ್ಟರ್ ಕಂಪನಿ ಮಹೀಂದ್ರಾದಲ್ಲೇ ವಿಲೀನವಾಯಿತು. ನಮ್ಮಪ್ಪ ಎರೆಹೊಲದಲ್ಲಿ ಒತ್ತುತ್ತಿದ್ದ ಪೆಡಲ್ ಹುಟ್ಟಿದ್ದು, ನಾನು ಬೊರಿವಲಿ ಲೋಕಲ್ ಹಿಡಿದು ಎಷ್ಟೋ ಸಲ ದಾಟಿಹೋದ ಕಾಂದಿವಲಿಯಲ್ಲಿ. ಇದು ಗೊತ್ತಾದ ರಾತ್ರಿ ಊರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ "ಹೌದೇನ?" ಅಂದು, ಊಟ ಆತೇನು ಅಂತ ಕೇಳಿದರು.

ಅಂದ್ರೆ ಲಾಕ್ ಮಾಡೋ ವಿದ್ಯೆ ಕಂಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಜೀಪಿಗೆ ಹಾಕಲಿಲ್ಲ, ಅಷ್ಟೇ. ಮಹೀಂದ್ರಾ ಥಾರ್ ಬಂದದ್ದು 2010ರಲ್ಲಿ, ಅದಕ್ಕೂ ಇರಲಿಲ್ಲ. ಹಿಂದಿನ ಆಕ್ಸಲ್ಲಿಗೆ ಮೆಕ್ಯಾನಿಕಲ್ ಲಾಕರ್ ಕೊಟ್ಟದ್ದು 2015ರ ಹೊಸ ಆವೃತ್ತಿಯಲ್ಲಿ. ಪುಣೆಯ ಫೋರ್ಸ್ ಕಂಪನಿ ಗೂರ್ಖಾಕ್ಕೆ ಅದಕ್ಕೂ ಮೊದಲೇ ಹಿಂದೆ ಮುಂದೆ ಎರಡೂ ಕಡೆ ಲಾಕ್ ಕೊಟ್ಟಿತ್ತು ಅನ್ನೋದನ್ನ ಹೇಳದಿದ್ರೆ ತಪ್ಪಾಗುತ್ತೆ. ಮಜಗಾಂವ್‌ನಿಂದ ಲೆಕ್ಕ ಹಾಕಿದ್ರೆ 66 ವರ್ಷ.

ಯಾಕಿಷ್ಟು ತಡ? ನನ್ನ ಅಂದಾಜು ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಅಷ್ಟು ವರ್ಷ ಜೀಪ್ ಕೊಂಡವರು ಸೈನ್ಯ, ಪೊಲೀಸು, ಅರಣ್ಯ ಇಲಾಖೆ, ಆಮೇಲೆ ಹಳ್ಳಿ ರಸ್ತೆಯಲ್ಲಿ ಹದಿನೈದು ಜನರನ್ನ ತುಂಬಿಕೊಂಡು ಹೋಗೋ ಸರ್ವಿಸ್ ಗಾಡಿಯವರು. ಅವರಿಗೆ ಬೇಕಾದ್ದು ಅಗ್ಗ ಮತ್ತು ಗಟ್ಟಿ. ಸಿಕ್ಕಿಕೊಂಡರೆ ಇಳಿದು ತಳ್ಳೋಕೆ ಒಳಗೇ ಹದಿನೈದು ಜನ ಇರ್ತಿದ್ರು! ಬೇಕು ಬೇಕು ಅಂತ ಕೆಸರಿಗೆ ಇಳಿಯೋರು, ತಿಂಗಳ ಸಂಬಳದವರು, ವೀಕೆಂಡ್ ಇರೋರು ಬಂದ ಮೇಲೆ ಲಾಕರ್ ಬಂತು. ಅಂದ್ರೆ ನಾವು. ಟ್ರ್ಯಾಕ್ಟರಿಗೆ ಅದು ಬಂದದ್ದು ಹೊಟ್ಟೆಪಾಡಿಗೆ, ಜೀಪಿಗೆ ಬಂದದ್ದು ಆಟಕ್ಕೆ.

ಇಷ್ಟೆಲ್ಲ ಓದಿಯೂ ನಾವು ಹಾಕಿಸಿದ್ವಿ ಅನ್ನೋದು ಬೇರೆ ಮಾತು.

ಏರ್ ಲಾಕರ್ ಅಂತ ಒಂದಿದೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿ 1980ರ ದಶಕದ ಕೊನೆಯಿಂದ ಮಾಡ್ತಿರೋದು. ಸ್ವಿಚ್ ಒತ್ತಿದರೆ ಗಾಳಿಯ ಒತ್ತಡದಿಂದ ಲಾಕ್ ಆಗುತ್ತೆ, ಬಿಟ್ಟರೆ ಬಿಡುತ್ತೆ. ಅದರ ಬೆಲೆ, ಕಂಪ್ರೆಸರ್ ಬೆಲೆ ಕೇಳಿ ಹಾಸನದವನು ಮಾತಾಡದೆ ಎದ್ದು ಹೋದ. ಹಾಗಾಗಿ ನಾವು ತರಿಸಿದ್ದು ಆಟೊಮ್ಯಾಟಿಕ್ ಲಾಕರ್. ಇಂಗ್ಲಿಷಿನವರು ಅದಕ್ಕೆ ಲಂಚ್‌ಬಾಕ್ಸ್ ಲಾಕರ್ ಅಂತಾರೆ, ಡಬ್ಬಿಯಲ್ಲಿ ಹಿಡಿಸೋವಷ್ಟು ಚಿಕ್ಕದು ಅಂತ. ಡಬ್ಬಾವಾಲಾಗಳ ಊರಿಗೆ ಹೇಳಿ ಮಾಡಿಸಿದ ಹೆಸರು. ಡಿಫರೆನ್ಷಿಯಲ್ ಒಳಗಿನ ಸ್ಟಾರ್ ಗಿಯರುಗಳನ್ನ ತೆಗೆದು ಆ ಜಾಗದಲ್ಲಿ ಇದನ್ನ ಕೂರಿಸೋದು. ಸ್ವಿಚ್ ಇಲ್ಲ, ಪೆಡಲ್ ಇಲ್ಲ. ಎಕ್ಸಲರೇಟರ್ ಒತ್ತಿದರೆ ತಾನೇ ಲಾಕ್ ಆಗುತ್ತೆ. ತಿರುವಿನಲ್ಲಿ ಹೊರಗಿನ ಗಾಲಿ ಮುಂದೋಡಿದರೆ ಕಟಕಟ ಸದ್ದು ಮಾಡ್ತಾ ತಾನೇ ಬಿಡುತ್ತೆ.

ಮೊದಲ ಡಬ್ಬಿ ಹೊಂದಲಿಲ್ಲ. ಆಕ್ಸಲ್ ತುದಿಯ ಹಲ್ಲು ಎಣಿಸದೆ ಆರ್ಡರ್ ಮಾಡಿದ್ದೆ, ತಪ್ಪು ನನ್ನದೇ. ವಾಪಸ್ ಕಳಿಸಿ ಸರಿಯಾದದ್ದು ಬರೋಕೆ ಎರಡು ತಿಂಗಳು. ಬೇರಿಂಗು, ಸೀಲು ಎಲ್ಲ ಕುರ್ಲಾದಲ್ಲಿ ಸಿಕ್ತು. ಸಿಎಸ್‌ಟಿ ರೋಡಿನ ಹಳೇ ಬಿಡಿಭಾಗದ ಅಂಗಡಿಗಳಲ್ಲಿ ಮಣ್ಣು ಮೆತ್ತಿದ ಒಂದು ಗಿಯರ್ ತೋರಿಸಿದ್ರೆ ಸಾಕು, ಅದು ಯಾವ ಗಾಡಿಯದು ಅಂತ ಹೇಳ್ತಾರೆ.

ಕೆಲಸಕ್ಕೆ ಎರಡು ಭಾನುವಾರ ಹಿಡೀತು. ಗಿಯರ್ ಆಯಿಲ್ ಇಳಿಸಿದ್ವಿ. ಇದರ ಆಕ್ಸಲ್ ತುದಿ ಮೊನಚು, ಮೇಲೆ ಹಬ್ ಬಿಗಿದು ಕೂತಿರುತ್ತೆ; ಪುಲ್ಲರ್ ಹಾಕಿ ತಿರುಗಿಸ್ತಾ ತಿರುಗಿಸ್ತಾ ಕೊನೆಗೆ ಪಟಾಕಿ ಹೊಡೆದ ಹಾಗೆ ಢಂ ಅಂತ ಬಿಡ್ತು. ಮೇಲಿನ ಫ್ಲ್ಯಾಟಿನ ಕಾಕು ಬಾಲ್ಕನಿಗೆ ಬಂದು ಬೈದರು, ಆಮೇಲೆ ಚಹಾ ಕಳಿಸಿದರು. ಬೇರಿಂಗ್ ಕ್ಯಾಪುಗಳಿಗೆ ಎಡ ಬಲ ಗುರುತು ಹಾಕಿಕೊಂಡ್ವಿ, ಅವು ಅದಲುಬದಲಾದ್ರೆ ಕೆಲಸ ಕೆಟ್ಟ ಹಾಗೇ. ಶಿಮ್ ಅನ್ನೋ ತೆಳು ತಗಡುಗಳು ಯಾವ ಕಡೆ ಎಷ್ಟು ಇದ್ದವೋ ಆ ಕಡೆ ಅಷ್ಟೇ ಇಡಬೇಕು. ಕಲಬುರಗಿಯವನು ಅವನ್ನ ಎರಡು ಬೇರೆ ಬೇರೆ ಟಿಫಿನ್ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟ. ಕ್ರೌನ್ ವೀಲ್ ಬಿಚ್ಚಿ, ಸ್ಟಾರ್ ಗಿಯರ್ ತೆಗೆದು, ಲಾಕರ್ ಕೂರಿಸಿ, ಮತ್ತೆ ಎಲ್ಲ ಮೇಲಕ್ಕೆ. ಡಯಲ್ ಗೇಜ್ ಇಟ್ಟು ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲ ನೋಡಿದ್ವಿ. ಕೂದಲೆಳೆ ಎರಡರಷ್ಟು ಇರಬೇಕಾದ್ದು, ಇತ್ತು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಗುರುತು ನಡುವೆ ಬಿದ್ದಿದೆಯಾ ಅಂತ ಫೋಟೋ ತೆಗೆದು, ಮೂರು ಸಲ ದೊಡ್ಡದು ಮಾಡಿ ನೋಡಿದ್ವಿ.

ಇಲ್ಲಿ ಕಾನೂನಿನ ಮಾತೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನ ಬಿಗಿಯಾಗಿಯೇ ಹೇಳಿತು. ನೀವು ಏನೇ ಹಾಕಿಸೋ ಮುಂಚೆ ಆರ್‌ಟಿಒ ಮತ್ತು ಇನ್ಶೂರೆನ್ಸಿನವರನ್ನ ಕೇಳಿ. ನಾವು ಮೊದಲು ಹಾಕಿಸಿ ಆಮೇಲೆ ಓದಿದವರು.

ಮುರ್ಬಾಡಿನಲ್ಲಿ ಮೊದಲ ಸಲ ಇಳಿಸಿದಾಗ ಆದ ಖುಷಿ ಸುಳ್ಳಲ್ಲ. ಹಿಂದೆ ಮೂರು ಸಲ ಸಿಕ್ಕಿಕೊಂಡ ಅದೇ ಗುಂಡಿಯಿಂದ ಜೀಪ್ ಎದ್ದು ಬಂತು. ಟ್ರ್ಯಾಕ್ಟರಿನ ಹುಡುಗ ಚಪ್ಪಾಳೆ ತಟ್ಟಿದ. ಅವನ ಐನೂರು ರೂಪಾಯಿ ಹೋಯ್ತು ಪಾಪ.

ಜೂನ್ ಬಂತು. ಮೊದಲ ಮಳೆಯ ದಿನ ನಾನು ಘೋಡ್‌ಬಂದರ್ ರಸ್ತೆಯಲ್ಲಿ ಗಾಯ್‌ಮುಖ್ ಘಾಟ್ ಇಳೀತಿದ್ದೆ. ಪಕ್ಕದ ಸೀಟಿನಲ್ಲಿ ಉಡುಪಿಯವನ ಹನ್ನೊಂದು ವರ್ಷದ ಮಗಳು, ಟ್ಯೂಷನ್ನಿಂದ ಮನೆಗೆ ಬಿಡೋದಿತ್ತು. ಹೆಚ್ಚು ಸ್ಪೀಡ್ ಇರಲಿಲ್ಲ. ತಿರುವಿನ ನಡುವೆ ಕಾಲು ಎತ್ತಿ ಮತ್ತೆ ಎಕ್ಸಲರೇಟರ್ ಒತ್ತಿದೆ. ಹಿಂದೆ ಟಕ್ ಅಂತ ಲಾಕ್ ಆಯ್ತು. ಎಣ್ಣೆ ನೀರು ಬೆರೆತ ರಸ್ತೆ, ಮೋಟು ಗಾಡಿ; ಎರಡೂ ಹಿಂಗಾಲಿ ಒಟ್ಟಿಗೆ ಹಿಡಿತ ಬಿಟ್ಟು ಬಾಲ ಹೊರಗೆ ಬೀಸಿತು. ಸ್ಟೀರಿಂಗ್ ತಿರುಗಿಸ್ತಿದ್ದೇನೆ, ಜೀಪ್ ನಾನು ಹೇಳಿದ್ದು ಕೇಳ್ತಿಲ್ಲ. ಎದುರಿಂದ ಬರ್ತಿದ್ದ ಕಂಟೇನರ್ ಟ್ರೇಲರ್ ಹಾರ್ನ್ ಹೊಡೆದು ನಿಂತ. ನಾವು ಅಡ್ಡಡ್ಡ ನಿಂತಿದ್ವಿ, ನಡುವೆ ಒಂದು ಬೈಕಿನಷ್ಟು ಜಾಗ. ಹುಡುಗಿ ಅಳಲಿಲ್ಲ. "ಅಂಕಲ್, ಇದು ಬೇಕಂತ ಮಾಡಿದ್ದಾ?" ಅಂತ ಕೇಳಿದಳು.

ಹೊಳ್ಳೂಮುಂದ ಕಾಲ್ ತಗೀಬೇಕು ಅಂದಿದ್ರು ಅಪ್ಪ. ತೆಗೆಯೋಕೆ ಪೆಡಲೇ ಇರಲಿಲ್ಲ.

ಅವಳಪ್ಪನಿಗೆ ಆ ರಾತ್ರಿಯೇ ಹೇಳಿದೆ. ಅವನು ಬೈಯಲಿಲ್ಲ, ಎರಡು ವಾರ ಮಾತಾಡಲಿಲ್ಲ. ಕಲಬುರಗಿಯವನು, "ಲಾಕರ್ ತಪ್ಪಲ್ಲ, ಒದ್ದೆ ರಸ್ತೆಯಲ್ಲಿ ಓಡಿಸೋಕೆ ಕಲೀಬೇಕು" ಅಂದ. ಅವನ ಮಾತಲ್ಲೂ ಸತ್ಯ ಇದೆ. ಇದೇ ಲಾಕರ್ ಹಾಕಿಕೊಂಡು ವರ್ಷಗಟ್ಟಲೆ ಸುರಕ್ಷಿತವಾಗಿ ಓಡಿಸಿದವರಿದ್ದಾರೆ. ಆದರೆ ನಮ್ಮದು ನಾಲ್ವರು ಓಡಿಸೋ ಗಾಡಿ, ಮಕ್ಕಳು ಕೂರೋ ಗಾಡಿ, ನಾಲ್ಕು ತಿಂಗಳು ಮಳೆ ಸುರಿಯೋ ಊರು. ವಾದ ಮಾಡಿದ್ವಿ, ವೋಟ್ ಹಾಕಿದ್ವಿ. ಎರಡು, ಎರಡು. ಕೊನೆಗೆ ಹಾಸನದವನು ತನ್ನ ವೋಟ್ ಬದಲಿಸಿದ.

ಜುಲೈನ ಒಂದು ಭಾನುವಾರ, ಶೀಟಿನ ಮೇಲೆ ಮಳೆ ಬಡೀತಿದ್ದಾಗ, ಅದನ್ನ ಬಿಚ್ಚಿ ಹಳೇ ಸ್ಟಾರ್ ಗಿಯರ್ ವಾಪಸ್ ಕೂರಿಸಿದ್ವಿ. ಶಿಮ್‌ಗಳು ಕಲಬುರಗಿಯವನ ಡಬ್ಬಿ ಪದ್ಧತಿಯಲ್ಲೇ ಇದ್ದವು. ಉಡುಪಿಯವನು ಮಗಳನ್ನ ಕರೆದುಕೊಂಡು ಬಂದಿದ್ದ. ಅವಳು ಟಾರ್ಚ್ ಹಿಡಿದಳು. ಲಾಕರ್ ಈಗ ನನ್ನ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಗ್ರೀಸ್ ಹಚ್ಚಿ, ಸ್ಟೀಲ್ ಡಬ್ಬಿಯೊಳಗೆ ಇದೆ. ಸ್ವಿಚ್ ಇರೋ ಲಾಕರಿಗೆ ಅಂತ ತಿಂಗಳಿಗೆ ಇಷ್ಟು ಅಂತ ನಾಲ್ವರೂ ಎತ್ತಿಡ್ತಿದ್ದೀವಿ, ಈ ಸಲ ಆರ್‌ಟಿಒದಲ್ಲಿ ಮೊದಲೇ ಕೇಳ್ತೀವಿ. ಅಲ್ಲಿಯವರೆಗೆ ಮುರ್ಬಾಡಿನ ಹುಡುಗನ ನಂಬರ್ ನನ್ನ ಫೋನಿನಲ್ಲಿದೆ.