ನಳಪಾಕವೂ ಗೋಮಿನಿಯ ಅನ್ನವೂ

ಮದುವೆಯ ಪಂಕ್ತಿಯಲ್ಲಿ ಕುಳಿತವರು ಒಂದು ತುತ್ತು ಬಾಯಿಗಿಟ್ಟು 'ನಳಪಾಕ!' ಎಂದು ತಲೆದೂಗುವುದು ನಮ್ಮ ದೇಶಪಾಂಡೆ ನಗರದಲ್ಲೂ ಉಂಟು, ಬೇರೆ ಊರುಗಳಲ್ಲೂ ಉಂಟು. ಅಡಿಗೆ ಇನ್ನೂ ಭರ್ಜರಿಯಾಗಿದ್ದರೆ 'ನಳಪಾಕ, ಭೀಮಪಾಕ' ಎಂದು ಎರಡನ್ನೂ ಸೇರಿಸಿಬಿಡುತ್ತಾರೆ. ಒಲೆಯ ಮುಂದೆ ಬೆಂದವರು ಹೆಂಗಸರು. ರುಚಿಗೆ ಹೆಸರು ಕೊಟ್ಟವರು ಮಾತ್ರ ಇಬ್ಬರು ಗಂಡಸರು! ಇದು ಹೇಗಾಯಿತೆಂದು ಹುಡುಕುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಒಂದು ಪ್ರೇಮಕಥೆ. ಅದೂ ನಗೆ ಬೆರೆತದ್ದು.

ಭೀಮನ ಮಾತನ್ನು ಮೊದಲು ಮುಗಿಸಿಬಿಡೋಣ. ಅವನು ಸೌಟು ಹಿಡಿದದ್ದು ಅಜ್ಞಾತವಾಸದ ಒಂದು ವರ್ಷ, ವಲಲನೆಂಬ ಹೆಸರಿನಲ್ಲಿ. ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸನ ಭಾರತದಲ್ಲಿ ದ್ರೌಪದಿ ನಡುರಾತ್ರಿ ವಿರಾಟನ ಅಡಿಗೆಮನೆಗೆ ಬರುತ್ತಾಳಲ್ಲ, ಅದು ಊಟಕ್ಕಾಗಿ ಅಲ್ಲ. ಕೀಚಕನಿಂದ ತನ್ನನ್ನು ಕಾಪಾಡೆಂದು ಕೇಳಲು. ಅಲ್ಲಿ ಬೇಕಾದದ್ದು ಅವನ ತೋಳು, ಅವನ ಸಾರಲ್ಲ.

ನಳನ ಕಥೆ ಹಾಗಲ್ಲ. ಜೂಜಿನಲ್ಲಿ ರಾಜ್ಯ ಕಳೆದುಕೊಂಡು, ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟು ಹೋಗಿ, ಕಾರ್ಕೋಟಕ ಕಚ್ಚಿ ರೂಪ ಕೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಸಾರಥಿಯಾಗಿದ್ದವನು ಅವನು. ತವರಿನಲ್ಲಿದ್ದ ದಮಯಂತಿ ಗಂಡನನ್ನು ಎಳೆತರಲು ಹೂಡಿದ ಆಟ ನೋಡಿ: ನಾಳೆಯೇ ತನ್ನ ಎರಡನೆಯ ಸ್ವಯಂವರವೆಂದು ಸುಳ್ಳು ಸುದ್ದಿ ಕಳಿಸುತ್ತಾಳೆ. ಋತುಪರ್ಣ ಮದುವೆಯ ಆಸೆಯಿಂದ ಓಡಿಬಂದರೆ ಅಲ್ಲಿ ತೋರಣವೂ ಇಲ್ಲ, ಚಪ್ಪರವೂ ಇಲ್ಲ! ಇತ್ತ ದಮಯಂತಿಯ ಸಖಿ ಕೇಶಿನಿ ಬಾಹುಕನ ಅಡಿಗೆಯ ಮೇಲೆ ಕಣ್ಣಿಟ್ಟು, ಅವನು ಬೇಯಿಸಿದ ಮಾಂಸದ ಒಂದು ತುಂಡನ್ನು ತಂದುಕೊಡುತ್ತಾಳೆ. (ನಮ್ಮ ಮನೆಯಲ್ಲಿ ಅಜ್ಜಿ ಈ ಕಥೆ ಹೇಳುವಾಗ ಅದು ಹುಳಿಯಾಗುತ್ತಿತ್ತು.) ದಮಯಂತಿ ಅದನ್ನು ಬಾಯಿಗಿಡುತ್ತಲೇ ಗುರುತು ಹಿಡಿಯುತ್ತಾಳೆ. ಕಣ್ಣಿಗೆ ತಿಳಿಯದ್ದು ನಾಲಿಗೆಗೆ ತಿಳಿಯಿತು.

ಹೇಗೆ ತಿಳಿಯಿತು? ಮಹಾಭಾರತವೇ ಹೇಳುತ್ತದೆ: ಅವನ ಕೈಯಡಿಗೆಯನ್ನು ಅವಳು ಹಿಂದೆ ಎಷ್ಟೋ ಸಲ ಉಂಡಿದ್ದಳು. ಅಂದರೆ ಆಳುಕಾಳುಗಳಿದ್ದ ಅರಮನೆಯಲ್ಲೂ ಆ ಅರಸ ಹೆಂಡತಿಗೆ ಮಾಡಿ ಬಡಿಸುತ್ತಿದ್ದ. 'ನಳಪಾಕ' ಎಂದು ಹೊಗಳುವಾಗ ನಾವು ಮರೆಯುವುದು ಈ ಒಂದು ಸಂಗತಿಯನ್ನು.

ಇದರ ಪಕ್ಕದಲ್ಲಿ ಇನ್ನೊಂದು ಕಥೆಯನ್ನಿಟ್ಟು ನೋಡಬೇಕು. ಸುಮಾರು ಏಳನೆಯ ಶತಮಾನದ ದಂಡಿಯ ಸಂಸ್ಕೃತ 'ದಶಕುಮಾರಚರಿತ'ದಲ್ಲಿ ಬರುವ ಗೋಮಿನಿಯ ಕಥೆ ಅದು. 1300ರ ಸುಮಾರಿಗೆ ಚೌಂಡರಸನೆಂಬ ಕವಿ ಈ ದಶಕುಮಾರರನ್ನು ಕನ್ನಡಕ್ಕೆ ತಂದ. 'ನಳಚಂಪು' ಬರೆದವನೂ ಅವನೇ. ಕಂಚಿಯ ಸಾಹುಕಾರನ ಮಗ ಶಕ್ತಿಕುಮಾರನಿಗೆ ಹೆಣ್ಣು ಬೇಕು. ಭವಿಷ್ಯ ಹೇಳುವವನ ವೇಷ ಹಾಕಿ, ಸೆರಗಿನಲ್ಲಿ ಒಂದಳತೆ ನೆಲ್ಲು ಕಟ್ಟಿಕೊಂಡು ಊರೂರು ಅಲೆಯುತ್ತಾನೆ. 'ಇಷ್ಟೇ ನೆಲ್ಲಿನಲ್ಲಿ ನನಗೆ ಪೂರ್ತಿ ಊಟ ಹಾಕಬಲ್ಲೆಯಾ?' ಎಂದು ಕಂಡ ಕನ್ಯೆಯರನ್ನೆಲ್ಲ ಕೇಳುತ್ತಾನೆ. ಎಲ್ಲರೂ ನಕ್ಕು ಅಟ್ಟುತ್ತಾರೆ. ಸಿರಿ ಕಳೆದುಕೊಂಡ ಮನೆಯ ಗೋಮಿನಿ ಮಾತ್ರ ಒಪ್ಪುತ್ತಾಳೆ.

ಅವಳ ಲೆಕ್ಕ ನೋಡಿದರೆ ಯಾವ ಗೃಹಿಣಿಯೂ ಬೆರಗಾಗಬೇಕು. ನೆಲ್ಲನ್ನು ಒಣಗಿಸಿ, ಹೊಟ್ಟು ಮುರಿಯದಂತೆ ಅಕ್ಕಿ ಬಿಡಿಸಿ, ಆ ಹೊಟ್ಟನ್ನು ಒಡವೆ ಉಜ್ಜಲು ಅಕ್ಕಸಾಲಿಗರಿಗೆ ಮಾರಿಸಿದಳು. ಬಂದ ಕಾಸಿನಲ್ಲಿ ಸೌದೆ, ಗಡಿಗೆ ತರಿಸಿದಳು. ಅನ್ನವಾದ ಮೇಲೆ ಕೆಂಡಕ್ಕೆ ನೀರೆರಚಿ, ಇದ್ದಿಲು ಮಾರಿಸಿ, ಕಾಯಿಪಲ್ಲೆ, ತುಪ್ಪ, ಮೊಸರು, ಎಣ್ಣೆ, ನೆಲ್ಲಿಕಾಯಿ, ಹುಣಸೆಹಣ್ಣು ಕೊಂಡಳು. ಅತಿಥಿಗೆ ಮೊದಲು ಎಣ್ಣೆ ಸ್ನಾನ. ಆಮೇಲೆ ಬಾಳೆಲೆಯ ಮೇಲೆ ಗಂಜಿಯಿಂದ ಮಜ್ಜಿಗೆಯವರೆಗೆ ಊಟ. ಅವನು ಹೊಟ್ಟೆ ತುಂಬ ಉಂಡ ಮೇಲೂ ಅನ್ನ ಮಿಕ್ಕಿತ್ತು! ಅವಳನ್ನು ಮದುವೆಯಾಗಿ ಕರೆದೊಯ್ದ. ಸುಖವಾಗಿದ್ದರು ಎನ್ನುವಷ್ಟರಲ್ಲಿ ಮಹಾರಾಯ ಒಬ್ಬ ಗಣಿಕೆಯನ್ನು ಮನೆಗೆ ತಂದ. ಗೋಮಿನಿ ಅವಳನ್ನೂ ಗೆಳತಿಯಂತೆ ಕಂಡಳು. ಕೊನೆಗೆ ಅವಳ ಗುಣಕ್ಕೆ ಸೋತು ಅವನು ಮನೆಯ ಯಜಮಾನಿಕೆಯನ್ನೇ ಕೊಟ್ಟನಂತೆ.

ಈ ಕಥೆಯನ್ನು ಒಮ್ಮೆ ಒಂಬತ್ತನೆಯ ಇಯತ್ತೆಯಲ್ಲಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಟೀಚರ್, ಶಕ್ತಿಕುಮಾರಗ ಅನ್ನಾ ಮಾಡ್ಲಿಕ್ಕೆ ಬರ್ತಿತ್ತೇನ್ರಿ?' ಎಂದು ಕೇಳಿದಳು. ತರಗತಿಯೆಲ್ಲ ಘೊಳ್ಳೆಂದಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ದಂಡಿಗೂ ಹೊಳೆದಿರಲಿಲ್ಲ, ನಮ್ಮ ಹಿರಿಯರಿಗೂ ಹೊಳೆದಿರಲಿಲ್ಲ. ಕನ್ಯಾ ನೋಡಲು ಬಂದು ಶಿರಾ, ಉಪ್ಪಿಟ್ಟು ತಿಂದು, 'ಅಡಿಗಿ ಎಲ್ಲಾ ಬರ್ತದೇನವಾ?' ಎಂದು ಕೇಳಿದವರ ಮುಂದೆ ನನ್ನ ವಯಸ್ಸಿನ ಎಷ್ಟು ಜನ ತಲೆ ತಗ್ಗಿಸಿ ಕುಳಿತಿಲ್ಲ! ಬಿ.ಎ., ಬಿ.ಎಡ್. ಆದವಳಿಗೂ ಆ ಪರೀಕ್ಷೆ ತಪ್ಪಲಿಲ್ಲ. ವರನಿಗೆ ಮಾತ್ರ ಆ ಪತ್ರಿಕೆಯೇ ಇರಲಿಲ್ಲ.

ಗಂಡಸರಿಗೆ ಅಡಿಗೆಯ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. 1025ರ ಸುಮಾರಿನ 'ಲೋಕೋಪಕಾರ'ದಲ್ಲಿ ಎರಡನೆಯ ಚಾವುಂಡರಾಯ ಅಡಿಗೆಗೊಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ್ದಾನೆ. ವಿದ್ಯೆ ಗ್ರಂಥದಲ್ಲಿ ಅವರದಾಯಿತು. ದಿನದ ಒಲೆ ನಮ್ಮದಾಯಿತು.

ಈಚಿನ ಕಾಲಕ್ಕೆ ಬಂದರೆ, 2014ರಲ್ಲಿ ಪ್ರಕಾಶ್ ರೈ ನಿರ್ದೇಶಿಸಿ ನಟಿಸಿದ 'ಒಗ್ಗರಣೆ' ಸಿನಿಮಾ ನೆನಪಾಗುತ್ತದೆ. 2011ರ ಮಲಯಾಳಂ ಚಿತ್ರವೊಂದರ ಕಥೆ ಅದು. ವಯಸ್ಸು ಮೀರುತ್ತಿರುವ ಇಬ್ಬರು. ದೋಸೆಗಾಗಿ ಮಾಡಿದ ಫೋನು ತಪ್ಪು ನಂಬರಿಗೆ ಹೋಗುತ್ತದೆ. ಜಗಳದಿಂದ ಶುರುವಾದದ್ದು ತಿಂಡಿಯ ಮಾತಿಗೆ ತಿರುಗಿ ಸ್ನೇಹವಾಗುತ್ತದೆ. ಮುಖ ತೋರಿಸಲು ಅಂಜಿ ಇಬ್ಬರೂ ತಮ್ಮ ಬದಲು ಕಿರಿಯರನ್ನು ಕಳಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಬಾಹುಕನ ವೇಷವೇ ಅದು, ಹೊಸ ಅಂಗಿಯಲ್ಲಿ! ನನಗೆ ಹಿಡಿಸಿದ್ದೆಂದರೆ ಇಲ್ಲಿ ಯಾರೂ ಯಾರನ್ನೂ ಪರೀಕ್ಷೆಗೆ ಕೂಡಿಸುವುದಿಲ್ಲ. ರುಚಿ ಇಬ್ಬರಿಗೂ ಬೇಕು, ಹಸಿವೂ ಇಬ್ಬರದು.

ಗೋಮಿನಿಯ ಜಾಣತನವನ್ನು ನಾನು ಕಡಿಮೆ ಮಾಡುತ್ತಿಲ್ಲ. ಹೊಟ್ಟು, ಇದ್ದಿಲಿನಿಂದ ಹಬ್ಬದೂಟ ಎಬ್ಬಿಸಿದವಳು ಇಂದಿದ್ದರೆ ಒಂದು ಬ್ಯಾಂಕನ್ನೇ ನಡೆಸುತ್ತಿದ್ದಳು. ಆದರೆ ಅವಳ ಅನ್ನಕ್ಕೆ ಸಿಕ್ಕಿದ್ದು ಅಂಕ. ನಳನ ಅಡಿಗೆಗೆ ಸಿಕ್ಕಿದ್ದು ಗುರುತು. ಮಗಳಿಗೆ ಗಂಡು ನೋಡುವ ತಾಯಂದಿರು ಸಂಬಳ, ಮನೆ, ನೌಕರಿ ಎಲ್ಲ ವಿಚಾರಿಸಿದ ಮೇಲೆ, ಆ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಯನ್ನೂ ಒಮ್ಮೆ ಕೇಳಿಬಿಡಬೇಕು.